ವಿಶ್ವದ ಬುನಾದಿ ಮಾಹಿತಿಯೇ? ವಿಜ್ಞಾನ ಹೇಳುವುದು, ಹೇಳದಿರುವುದು

ಇತ್ತೀಚಿನ ವರ್ಷಗಳಲ್ಲಿ ಧಾರ್ಮಿಕ ಸಭೆಗಳಲ್ಲಿಯೂ ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳಲ್ಲಿಯೂ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಇಡೀ ವಿಶ್ವವನ್ನು ವ್ಯಾಪಿಸಿರುವ ಒಂದು ಮಾಹಿತಿ ಕ್ಷೇತ್ರವಿದೆ. ಕಲ್ಲು, ಮಣ್ಣು, ನಕ್ಷತ್ರಗಳೆಲ್ಲವೂ ಅದರಿಂದಲೇ ರೂಪುಗೊಂಡಿವೆ. ನಮ್ಮ ಪ್ರಜ್ಞೆಯೂ ಅದರದೇ ಒಂದು ಅಲೆ. ಹಿರಿಯರು ಆಕಾಶವೆಂದೂ ಶರಣರು ಬಯಲೆಂದೂ ಕರೆದುದನ್ನೇ ಈಗ ವಿಜ್ಞಾನ ಕಂಡುಹಿಡಿದಿದೆ ಎಂಬುದು ಆ ಮಾತಿನ ಸಾರ. ಕೇಳಲು ಹಿತವಾದ ಮಾತು. ಶ್ರೀಮಠಕ್ಕೆ ಬರುವ ವಿದ್ಯಾವಂತ ತರುಣರು ಇದು ನಿಜವೇ ಎಂದು ಕೇಳಿದಾಗ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಪ್ರಯೋಗದಿಂದ ಸಿದ್ಧವಾದ ಸತ್ಯ, ವಿದ್ವಾಂಸರ ಗಂಭೀರ ಊಹೆ, ಕೇವಲ ಮನುಷ್ಯನ ಆಸೆ ಇವೆಲ್ಲ ಅಲ್ಲಿ ಒಂದೇ ಹಗ್ಗವಾಗಿ ಹೊಸೆದುಕೊಂಡಿವೆ. ಎಳೆಗಳನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು 'ಮಾಹಿತಿ' ಎಂಬ ಪದವನ್ನೇ ತೆಗೆದುಕೊಳ್ಳೋಣ. 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಕ್ಲಾಡ್ ಶಾನನ್ ಮಾಹಿತಿಯನ್ನು ಅಳೆಯುವ ವಿಧಾನವನ್ನು ನೀಡಿದರು. ನಾಣ್ಯವನ್ನು ಚಿಮ್ಮಿದಾಗ ತಲೆಯೋ ಬಾಲವೋ ಎಂಬುದನ್ನು ತಿಳಿಸಲು ಬೇಕಾಗುವುದು ಒಂದು ಬಿಟ್. ಎಂಟು ಸಾಧ್ಯತೆಗಳಲ್ಲಿ ಯಾವುದೆಂದು ತಿಳಿಸಲು ಮೂರು ಬಿಟ್. ಶಾನನ್‌ರ ಅಳತೆ ಅರ್ಥವನ್ನು ಬುದ್ಧಿಪೂರ್ವಕವಾಗಿಯೇ ಹೊರಗಿಟ್ಟಿದೆ. ಮದುವೆಯ ಲಗ್ನಪತ್ರಿಕೆಯನ್ನೂ ಕಣ್ಣುಮುಚ್ಚಿ ಒತ್ತಿದ ಅಷ್ಟೇ ಸಂಖ್ಯೆಯ ಅಕ್ಷರಗಳ ರಾಶಿಯನ್ನೂ ತಂತಿಯ ಮೂಲಕ ಕಳುಹಿಸುವುದಾದರೆ, ಎರಡನೆಯದಕ್ಕೇ ಹೆಚ್ಚು ಬಿಟ್‌ಗಳು ಬೇಕು. ಏಕೆಂದರೆ ಅದರಲ್ಲಿ ಮುಂದಿನ ಅಕ್ಷರ ಯಾವುದೆಂದು ಊಹಿಸಲು ಬರುವುದಿಲ್ಲ. ಭೌತವಿಜ್ಞಾನಿಯ 'ಮಾಹಿತಿ'ಗೂ ನಾವು ದಿನನಿತ್ಯ ಬಳಸುವ 'ತಿಳಿವಳಿಕೆ'ಗೂ ಇರುವ ಈ ಅಂತರವನ್ನು ಮರೆತರೆ ಮುಂದಿನದೆಲ್ಲ ಗೊಂದಲವೇ.

ಹಾಗಾದರೆ ಈ ಒಣ ಅಳತೆಗೂ ಭೌತಜಗತ್ತಿಗೂ ಏನು ಸಂಬಂಧ? ಸಂಬಂಧವಿದೆ, ಮತ್ತು ಅದು ಅಚ್ಚರಿಯದಾಗಿದೆ. 1867ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ತಮ್ಮ ಗೆಳೆಯ ಪೀಟರ್ ಟೇಟ್‌ಗೆ ಬರೆದ ಪತ್ರದಲ್ಲಿ ಒಂದು ಪುಟ್ಟ ಜೀವಿಯನ್ನು ಕಲ್ಪಿಸಿದರು. ಗಾಳಿ ತುಂಬಿದ ಪೆಟ್ಟಿಗೆಯ ನಡುವೆ ಒಂದು ಬಾಗಿಲು. ವೇಗದ ಕಣ ಬಂದರೆ ಒಂದು ಕಡೆಗೆ, ನಿಧಾನದ ಕಣ ಬಂದರೆ ಇನ್ನೊಂದು ಕಡೆಗೆ ಬಿಡುವುದಷ್ಟೇ ಆ ದ್ವಾರಪಾಲಕನ ಕೆಲಸ. ಹೀಗೆ ಮಾಡಿದರೆ ಒಂದು ಭಾಗ ಬಿಸಿಯಾಗಿ ಇನ್ನೊಂದು ತಣ್ಣಗಾಗುತ್ತದೆ. ಯಾವ ಶ್ರಮವೂ ಇಲ್ಲದೆ ಶಕ್ತಿ ದೊರೆತಂತಾಗುತ್ತದೆ. ಬಿಸಿ ನೀರು ತಾನಾಗಿ ಆರುವುದೇ ಹೊರತು ತಾನಾಗಿ ಕಾಯುವುದಿಲ್ಲ ಎಂಬ ಉಷ್ಣಶಾಸ್ತ್ರದ ನಿಯಮಕ್ಕೆ ಇದು ಸವಾಲಾಯಿತು. 1929ರಲ್ಲಿ ಲಿಯೊ ಜಿಲಾರ್ಡ್ ಈ ಒಗಟಿನ ಬೀಗದ ಕೈ ದ್ವಾರಪಾಲಕನು ಸಂಗ್ರಹಿಸುವ ಮಾಹಿತಿಯಲ್ಲಿದೆ ಎಂದು ಗುರುತಿಸಿದರು. 1961ರಲ್ಲಿ ಐಬಿಎಂ ಸಂಸ್ಥೆಯ ರಾಲ್ಫ್ ಲ್ಯಾಂಡವರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಬಿಟ್ ಮಾಹಿತಿಯನ್ನು ಅಳಿಸಿದರೆ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕು ಎಂದು ಅವರು ಲೆಕ್ಕ ಹಾಕಿದರು. ಕೋಣೆಯ ಉಷ್ಣತೆಯಲ್ಲಿ ಆ ಪ್ರಮಾಣ ಒಂದು ಜೂಲ್‌ನ ಲಕ್ಷ ಕೋಟಿಯ ಒಂದು ಪಾಲಿನಲ್ಲಿ, ಮತ್ತೆ ನೂರು ಕೋಟಿಯ ಸುಮಾರು ಮೂರು ಪಾಲು. ಊಹೆಗೂ ನಿಲುಕದಷ್ಟು ಕಿರಿದು. ಆದರೂ 2012ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪ್ರಯೋಗ ನಡೆಸಿದವರು, ನೀರಿನಲ್ಲಿ ತೇಲುವ ಗಾಜಿನ ಸೂಕ್ಷ್ಮ ಮಣಿಯೊಂದನ್ನು ಲೇಸರ್ ಬೆಳಕಿನಿಂದ ಹಿಡಿದು ಅಳೆದಾಗ ಲ್ಯಾಂಡವರ್‌ರ ಮಿತಿಯೇ ಕಂಡುಬಂತು.

ಮಾಹಿತಿ ಎಂಬುದು ಗಾಳಿಯಲ್ಲಿ ತೇಲುವ ಅಮೂರ್ತ ವಸ್ತುವಲ್ಲ ಎಂಬುದೇ ಈ ಪ್ರಯೋಗದ ತಾತ್ಪರ್ಯ. ಅದು ಎಲ್ಲಿದ್ದರೂ ಒಂದು ಮಣಿಯಲ್ಲೋ, ಕಾಗದದಲ್ಲೋ, ನರಕೋಶದಲ್ಲೋ ನೆಲೆಸಿರುತ್ತದೆ. ಮಾಹಿತಿ ಕ್ಷೇತ್ರದ ಪ್ರಚಾರಕರು ಲ್ಯಾಂಡವರ್‌ರ ಹೆಸರನ್ನು ಉತ್ಸಾಹದಿಂದ ಹೇಳುತ್ತಾರೆ. ಆದರೆ ಅವರ ಮಾತು ಅವರ ವಾದಕ್ಕೆ ತಿರುಗುಬಾಣವಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಆಧಾರ ಬರುವುದು ಕಪ್ಪುಕುಳಿಗಳ ಅಧ್ಯಯನದಿಂದ. ಇಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ಹೆಸರಿದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಸಿ.ವಿ. ವಿಶ್ವೇಶ್ವರ ಅವರು, ಕಪ್ಪುಕುಳಿಯನ್ನು ಕದಡಿದರೆ ಅದು ಬಾರಿಸಿದ ಗಂಟೆಯಂತೆ ಗುಂಯ್‌ಗುಟ್ಟಿ ಬೇಗನೆ ಶಾಂತವಾಗುತ್ತದೆ ಎಂದು 1970ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 2015ರ ಸೆಪ್ಟೆಂಬರಿನಲ್ಲಿ ಗುರುತ್ವದ ಅಲೆಗಳು ಮೊದಲ ಬಾರಿಗೆ ದಾಖಲಾದಾಗ ಆ ಸಂಕೇತದ ಕೊನೆಯಲ್ಲಿ ಇಂತಹ ಕ್ಷೀಣಿಸುವ ನಾದವಿತ್ತು. ಆ ನಾದ ಕಪ್ಪುಕುಳಿಯ ರಾಶಿ ಎಷ್ಟು, ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಒಳಗೆ ಬಿದ್ದದ್ದು ನಕ್ಷತ್ರವೋ, ಗ್ರಂಥಭಂಡಾರವೋ ಎಂಬುದನ್ನು ಹೇಳುವುದಿಲ್ಲ. ಹಾಗಾದರೆ ಬಿದ್ದದ್ದರ ಮಾಹಿತಿ ಎಲ್ಲಿ ಹೋಯಿತು? ಕಪ್ಪುಕುಳಿ ಬಚ್ಚಿಡಬಲ್ಲ ಮಾಹಿತಿಯ ಪ್ರಮಾಣ ಅದರ ಗಾತ್ರವನ್ನಲ್ಲ, ಹೊರಮೈಯ ವಿಸ್ತೀರ್ಣವನ್ನು ಅವಲಂಬಿಸಿದೆ ಎಂದು 1970ರ ದಶಕದಲ್ಲಿ ಜೇಕಬ್ ಬೆಕೆನ್‌ಸ್ಟೀನ್ ವಾದಿಸಿದರು. ಸ್ಟೀಫನ್ ಹಾಕಿಂಗ್ ಅದನ್ನು ಗಟ್ಟಿಗೊಳಿಸಿದರು. ಇದು ಸಾಮಾನ್ಯ ಅನುಭವಕ್ಕೆ ವಿರುದ್ಧ. ಕಣಜದಲ್ಲಿ ಎಷ್ಟು ರಾಗಿ ಹಿಡಿಯುತ್ತದೆ ಎಂಬುದನ್ನು ಅದರ ಒಳಗಿನ ಜಾಗದಿಂದ ತಿಳಿಯುತ್ತೇವೆಯೇ ಹೊರತು ಗೋಡೆಗೆ ಬಳಿದ ಸುಣ್ಣದಿಂದಲ್ಲ. ಕಪ್ಪುಕುಳಿಯ ಲೆಕ್ಕ ಮಾತ್ರ ಗೋಡೆಯದೇ. ಇದರಿಂದಲೇ 1990ರ ದಶಕದಲ್ಲಿ ಗೆರಾರ್ಡ್ ಟ್ ಹೂಫ್ಟ್ ಮತ್ತು ಲಿಯೊನಾರ್ಡ್ ಸಸ್ಕಿಂಡ್, ನಾವು ಕಾಣುವ ಮೂರು ಆಯಾಮದ ಜಗತ್ತಿನ ಸಮಗ್ರ ವಿವರ ಒಂದು ಎರಡು ಆಯಾಮದ ಮೇಲ್ಮೈಯಲ್ಲಿ ಅಡಗಿರಬಹುದು ಎಂಬ ಊಹೆಯನ್ನು ಮಂಡಿಸಿದರು. ಗಣಿತ ಗಂಭೀರವಾಗಿದೆ, ಆದರೆ ನಾವಿರುವ ವಿಶ್ವಕ್ಕೆ ಅದು ಅನ್ವಯಿಸುತ್ತದೆಂದು ಯಾವ ಪ್ರಯೋಗವೂ ಇನ್ನೂ ತೋರಿಸಿಲ್ಲ.

ಮಾಹಿತಿಯೇ ಮೂಲ, ವಸ್ತು ಅದರ ಫಲ ಎಂಬ ವಿಚಾರವನ್ನು ಸ್ಪಷ್ಟವಾಗಿ ಸಾರಿದವರು ಅಮೆರಿಕದ ಜಾನ್ ವೀಲರ್. 1989ರಲ್ಲಿ ಅವರು ಮಂಡಿಸಿದ ತತ್ತ್ವದಂತೆ ಪ್ರತಿಯೊಂದು ಕಣದ ಇರವೂ ನಾವು ಉಪಕರಣಗಳ ಮೂಲಕ ಕೇಳುವ ಹೌದು-ಅಲ್ಲ ಪ್ರಶ್ನೆಗಳ ಉತ್ತರದಿಂದ ಹುಟ್ಟುತ್ತದೆ. 2022ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರಾದ ಆಸ್ಟ್ರಿಯಾದ ಆಂಟನ್ ಜೈಲಿಂಗರ್ ಕೂಡ ಅತ್ಯಂತ ಸರಳ ಕ್ವಾಂಟಮ್ ವ್ಯವಸ್ಥೆ ಒಂದೇ ಒಂದು ಬಿಟ್ ಮಾಹಿತಿಯನ್ನು ಹೊತ್ತಿರುತ್ತದೆ ಎಂದು 1999ರಲ್ಲಿ ಪ್ರತಿಪಾದಿಸಿದರು. ಇವರು ದೊಡ್ಡ ವಿಜ್ಞಾನಿಗಳು. ಇವರ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಬ್ಬರೂ ವಿಶ್ವದ ತುಂಬ ಹರಡಿ ಎಲ್ಲವನ್ನೂ ನೆನಪಿಡುವ ಕ್ಷೇತ್ರವೊಂದರ ಬಗ್ಗೆ ಹೇಳಿಲ್ಲ.

ಅದನ್ನು ಹೇಳಿದವರು ಹಂಗೇರಿ ಮೂಲದ ತತ್ತ್ವಜ್ಞ ಎರ್ವಿನ್ ಲಾಸ್ಲೊ. 2004ರ ತಮ್ಮ ಗ್ರಂಥದಲ್ಲಿ ಅವರು ನಮ್ಮ ದರ್ಶನಗಳ 'ಆಕಾಶ' ಪದವನ್ನೇ ಎರವಲು ಪಡೆದು ಆ ಕ್ಷೇತ್ರಕ್ಕೆ ಹೆಸರಿಟ್ಟರು. ಭೌತವಿಜ್ಞಾನದಲ್ಲಿ ಕ್ಷೇತ್ರ ಎಂಬ ಪದಕ್ಕೆ ಕಟ್ಟುನಿಟ್ಟಾದ ಹೊಣೆಯಿದೆ. ಅಯಸ್ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿ ಉದುರಿಸಿದರೆ ಗೆರೆಗಳು ಮೂಡುತ್ತವೆ. ಪ್ರತಿ ಬಿಂದುವಿನಲ್ಲೂ ಬಲ ಎಷ್ಟು, ಯಾವ ದಿಕ್ಕಿಗೆ ಎಂದು ಅಳೆಯಬಹುದು. ಹಿಗ್ಸ್ ಕ್ಷೇತ್ರವನ್ನು 1964ರಲ್ಲಿ ಊಹಿಸಲಾಯಿತು. ಅದರ ಕಣ 2012ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ದೊರೆಯಿತು. ಲಾಸ್ಲೊ ಅವರ ಕ್ಷೇತ್ರಕ್ಕೆ ಇಂತಹ ಅಳತೆಯೂ ಇಲ್ಲ, ಪರೀಕ್ಷಿಸಬಹುದಾದ ಮುನ್ಸೂಚನೆಯೂ ಇಲ್ಲ. ದೂರದಲ್ಲಿರುವ ಎರಡು ಕಣಗಳು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಅದಕ್ಕೆ ಸಾಕ್ಷಿಯಾಗಿ ಹೇಳುವವರುಂಟು. ಆ ಹೆಣಿಗೆ ನಿಜ. ಆದರೆ ಅದರ ಮೂಲಕ ಒಂದು ಅಕ್ಷರದ ಸಂದೇಶವನ್ನೂ ಕಳುಹಿಸಲಾಗದು ಎಂದು ಕ್ವಾಂಟಮ್ ಗಣಿತವೇ ಹೇಳುತ್ತದೆ.

ಇನ್ನು ಪ್ರಜ್ಞೆಯ ಪ್ರಶ್ನೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಎಷ್ಟು ವಿವರಿಸಿದರೂ ಮಲ್ಲಿಗೆಯ ಕಂಪು ಒಬ್ಬನಿಗೆ ಅನುಭವವಾಗುವುದೇಕೆ ಎಂಬುದು ಉಳಿದೇ ಉಳಿಯುತ್ತದೆ ಎಂದು 1995ರಲ್ಲಿ ಡೇವಿಡ್ ಚಾಮರ್ಸ್ ಹೇಳಿದರು. 2004ರಲ್ಲಿ ಗಿಯುಲಿಯೊ ಟೊನೋನಿ ಒಂದು ಉತ್ತರ ಕೊಟ್ಟರು. ಬಿಡಿ ಬಿಡಿ ಭಾಗಗಳಲ್ಲಿ ಇರದ, ಒಟ್ಟಾಗಿ ಹೆಣೆದುಕೊಂಡಾಗ ಮಾತ್ರ ಉಂಟಾಗುವ ಸಮಗ್ರ ಮಾಹಿತಿಯೇ ಪ್ರಜ್ಞೆ ಎಂಬುದು ಅವರ ಸಿದ್ಧಾಂತ. ಅದರ ಹಿಂದೆ ಒಂದು ಕುತೂಹಲದ ಸಂಗತಿಯಿದೆ. ಮನುಷ್ಯನ ಮಿದುಳಿನ ನರಕೋಶಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಇರುವುದು ಹಿಂಭಾಗದ ಕಿರುಮಿದುಳಿನಲ್ಲಿ. ಅದು ಹಾನಿಗೊಂಡರೆ ನಡಿಗೆ ತತ್ತರಿಸುತ್ತದೆ, ಮಾತು ತೊದಲುತ್ತದೆ. ಆದರೆ ಎಚ್ಚರ ಹೋಗುವುದಿಲ್ಲ. ಮಾಹಿತಿಯ ರಾಶಿ ಹೆಚ್ಚಿದ್ದ ಮಾತ್ರಕ್ಕೆ ಪ್ರಜ್ಞೆ ಉಂಟಾಗದು ಎಂದಾಯಿತು. ಈ ಸಿದ್ಧಾಂತದ ಪ್ರಕಾರ ಇಂದಿನ ಕಂಪ್ಯೂಟರು ಎಷ್ಟೇ ಗ್ರಂಥಗಳನ್ನು ನುಂಗಿದ್ದರೂ ಅದಕ್ಕೆ ಅನುಭವವಿಲ್ಲ. ಆದರೂ ವಾದ ಮುಗಿದಿಲ್ಲ: 2023ರಲ್ಲಿ ನೂರಕ್ಕೂ ಹೆಚ್ಚು ವಿದ್ವಾಂಸರು ಇದನ್ನು ಹುಸಿವಿಜ್ಞಾನವೆಂದು ಕರೆದು ಬಹಿರಂಗ ಪತ್ರ ಬರೆದರು, 2025ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಸಿದ್ಧಾಂತದ ಮತ್ತು ಅದರ ಪ್ರತಿಸ್ಪರ್ಧಿ ಸಿದ್ಧಾಂತದ ಕೆಲವು ಮುನ್ಸೂಚನೆಗಳು ಫಲಿಸಿದವು, ಕೆಲವು ಫಲಿಸಲಿಲ್ಲ.

ನಂಬಿಕೆಯನ್ನು ಇಂತಹ ಸಿದ್ಧಾಂತವೊಂದಕ್ಕೆ ಗಂಟುಹಾಕಿದರೆ ಏನಾಗುತ್ತದೆ ಎಂಬುದನ್ನು ಚರಿತ್ರೆ ಒಮ್ಮೆ ತೋರಿಸಿದೆ. 19ನೆಯ ಶತಮಾನದಲ್ಲಿ ಬೆಳಕಿನ ಅಲೆಗಳನ್ನು ಹೊರಲು 'ಈಥರ್' ಎಂಬ ಸೂಕ್ಷ್ಮ ದ್ರವ್ಯ ವಿಶ್ವದ ತುಂಬ ಇದೆಯೆಂದು ಬಹುತೇಕ ಭೌತವಿಜ್ಞಾನಿಗಳು ನಂಬಿದ್ದರು. ಮ್ಯಾಕ್ಸ್‌ವೆಲ್ ಪತ್ರ ಬರೆದ ಅದೇ ಪೀಟರ್ ಟೇಟ್ 1875ರಲ್ಲಿ ಬಾಲ್ಫರ್ ಸ್ಟೂವರ್ಟ್ ಜೊತೆಗೂಡಿ, ಆತ್ಮ ಅಮರವೆಂಬ ಕ್ರೈಸ್ತ ನಂಬಿಕೆಗೆ ಈಥರನ್ನೇ ಆಧಾರವಾಗಿಟ್ಟು ಒಂದು ಗ್ರಂಥ ಬರೆದರು. ರೇಡಿಯೊ ತಂತ್ರಜ್ಞಾನದ ಪ್ರವರ್ತಕರಲ್ಲಿ ಒಬ್ಬರಾದ ಆಲಿವರ್ ಲಾಜ್ 1915ರಲ್ಲಿ ಮಹಾಯುದ್ಧದಲ್ಲಿ ಮಗ ರೇಮಂಡ್‌ನನ್ನು ಕಳೆದುಕೊಂಡರು. ಮಗನ ಚೇತನ ಈಥರಿನಲ್ಲಿ ಉಳಿದಿದೆ ಎಂದು ಆ ತಂದೆ ಕೊನೆಯವರೆಗೂ ನಂಬಿದರು. ಅಷ್ಟರಲ್ಲಿ, 1887ರ ಮೈಕೆಲ್‌ಸನ್-ಮಾರ್ಲೆ ಪ್ರಯೋಗಕ್ಕೆ ಈಥರಿನ ಸುಳಿವೇ ಸಿಕ್ಕಿರಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲವೆಂದು ತೋರಿಸಿದ್ದರು. ತಂದೆಯ ದುಃಖ ಸುಳ್ಳಲ್ಲ. ಆದರೆ ಅದು ಊರಿಕೊಂಡ ಗೋಲು ಮಾತ್ರ ಭೌತವಿಜ್ಞಾನದ ಒಂದು ತಲೆಮಾರಿನ ಊಹೆಯಾಗಿತ್ತು.

ಶರಣರ 'ಬಯಲು' ಮತ್ತು 'ಶೂನ್ಯ'ವನ್ನು ಮಾಹಿತಿ ಕ್ಷೇತ್ರದೊಂದಿಗೆ ಸಮೀಕರಿಸುವವರೂ ಇದೇ ಅಪಾಯದಲ್ಲಿದ್ದಾರೆ. ಬಯಲು ಎಂಬುದು ಅಲ್ಲಮಪ್ರಭುದೇವರಂತಹ ಅನುಭಾವಿಗಳು ಸಾಧನೆಯ ನೆಲೆಯಿಂದ ಆಡಿದ ಮಾತು. ಉಪಕರಣದಿಂದ ಅಳೆಯುವ ವಸ್ತುವನ್ನು ಹೆಸರಿಸಲು ಹುಟ್ಟಿದ್ದಲ್ಲ. ಅಂತೆಯೇ 'ಅರಿವು' ಬಿಟ್‌ಗಳ ಮೊತ್ತವಲ್ಲ. ಅರಿವು ಅರಿತವನನ್ನು ಬದಲಿಸುತ್ತದೆ, ಅವನ ಆಚಾರದಲ್ಲಿ ಕಾಣಿಸಿಕೊಳ್ಳುತ್ತದೆ. ಶಾನನ್‌ರ ಮಾಹಿತಿಗೆ ಅರ್ಥದ ಗೊಡವೆಯೇ ಇಲ್ಲ. ಎರಡನ್ನೂ ಒಂದೇ ಎನ್ನುವುದರಿಂದ ವಚನಕ್ಕೆ ಗೌರವ ಹೆಚ್ಚುವುದಿಲ್ಲ, ವಿಜ್ಞಾನಕ್ಕೆ ನ್ಯಾಯ ಸಲ್ಲುವುದಿಲ್ಲ.

ಇದು ಬರಿಯ ಪಂಡಿತರ ಜಗಳವೂ ಅಲ್ಲ. ವಿಶ್ವದ ಕ್ಷೇತ್ರದಿಂದ ಶಕ್ತಿ ಸೆಳೆಯುತ್ತದೆಂದು ಹೇಳಿ 'ಕ್ವಾಂಟಮ್' ಪದಕಗಳನ್ನು ಮಾರುವ ವ್ಯಾಪಾರ ಜಗತ್ತಿನೆಲ್ಲೆಡೆ ಇದೆ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂತಹ ಪದಕ, ಬಳೆ ಮತ್ತು ಕಣ್ಣುಪಟ್ಟಿಗಳನ್ನು ಪರೀಕ್ಷಿಸಿ, ಅವು ಹಾನಿಕರ ವಿಕಿರಣವನ್ನು ಹೊಮ್ಮಿಸುತ್ತಿವೆ, ಧರಿಸಬೇಡಿ ಎಂದು ಎಚ್ಚರಿಸಿತು. ರಕ್ಷಣೆಗೆಂದು ಮಕ್ಕಳಿಗೆ ತೊಡಿಸಲೆಂದೇ ಮಾರುತ್ತಿದ್ದ ಬಳೆಯೂ ಅವುಗಳಲ್ಲಿತ್ತು. ಮಧುಮೇಹಕ್ಕೋ ಅರ್ಬುದಕ್ಕೋ ಔಷಧ ತೆಗೆದುಕೊಳ್ಳುತ್ತಿರುವ ಭಕ್ತರು ಯಾರದೋ ಕ್ಷೇತ್ರ ಚಿಕಿತ್ಸೆಯ ಮಾತಿಗೆ ಮರುಳಾಗಿ ಗುಳಿಗೆಯನ್ನು ನಿಲ್ಲಿಸಬಾರದು.

ನಿಜವಾದ ಶೋಧನೆ ಮಾತ್ರ ಇನ್ನೂ ನಡೆದೇ ಇದೆ. ಕಪ್ಪುಕುಳಿಗೆ ಬಿದ್ದ ಮಾಹಿತಿ ಶಾಶ್ವತವಾಗಿ ನಾಶವಾಗುತ್ತದೆಂದು ಹಾಕಿಂಗ್ ಬಹುಕಾಲ ವಾದಿಸಿದ್ದರು. 1997ರಲ್ಲಿ ಅವರು ಮತ್ತು ಕಿಪ್ ಥಾರ್ನ್ ಒಂದು ಕಡೆ, ಜಾನ್ ಪ್ರೆಸ್ಕಿಲ್ ಇನ್ನೊಂದು ಕಡೆ ನಿಂತು ಪಂದ್ಯ ಕಟ್ಟಿದರು. ಸೋತವರು ಗೆದ್ದವರಿಗೆ ಒಂದು ವಿಶ್ವಕೋಶ ಕೊಡಬೇಕು. 2004ರಲ್ಲಿ ಹಾಕಿಂಗ್ ಸೋಲೊಪ್ಪಿ ಬೇಸ್‌ಬಾಲ್ ಆಟದ ವಿಶ್ವಕೋಶವೊಂದನ್ನು ಪ್ರೆಸ್ಕಿಲ್‌ಗೆ ಕೊಟ್ಟರು. ಥಾರ್ನ್ ಆಗ ಒಪ್ಪಲಿಲ್ಲ. ಮಾಹಿತಿ ಉಳಿಯುತ್ತದೆಂಬ ಕಡೆಗೆ ಈಚಿನ ಲೆಕ್ಕಗಳು ವಾಲಿವೆಯಾದರೂ, ಅದು ಯಾವ ದಾರಿಯಲ್ಲಿ ಹೊರಬರುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ. ಸುಟ್ಟ ಗ್ರಂಥದ ಮಾಹಿತಿ ಅದರ ಹೊಗೆ ಬೂದಿಗಳಲ್ಲಿಯೂ ಇರುತ್ತದಾದ್ದರಿಂದ ಆ ವಿಶ್ವಕೋಶವನ್ನು ಸುಟ್ಟು ಬೂದಿಯನ್ನೇ ಕೊಟ್ಟಿದ್ದರೂ ಆಗುತ್ತಿತ್ತೇನೋ ಎಂದು ಹಾಕಿಂಗ್ ಆಮೇಲೆ ನಗೆಯಾಡಿದ್ದರು.