ಹಿತ್ತಲಿನ ಗಿಡುಗ

ಸುರಪುರದ ಮಗ್ಗುಲಿಗಿರುವ ರಂಗಂಪೇಟೆಯಂತಹ ಊರಿನಲ್ಲಿ ಹಿತ್ತಲೆಂದರೆ ವಿಸ್ತಾರವಾದ ಉದ್ಯಾನವೇನೂ ಅಲ್ಲ. ಒಂದು ಬೇವು, ಒಂದು ನುಗ್ಗೆ, ನಾಲ್ಕು ಹೂವಿನ ಗಿಡ, ಆಚೆಗೆ ಕಲ್ಲುಗುಡ್ಡ. ಇಷ್ಟರಲ್ಲಿಯೇ ಗುಬ್ಬಿ, ಪಿಕಳಾರ, ಹರಟೆಮಲ್ಲಗಳ ಸಂಸಾರಗಳು ಸಾಗುತ್ತಿರುತ್ತವೆ. ಬೆಳಗಿನ ಆ ಗದ್ದಲವು ಒಮ್ಮೆಗೇ ಅಡಗಿಹೋಯಿತೆಂದರೆ ಗಿಡುಗವು ಬಂದಿದೆಯೆಂದು ತಿಳಿಯಬಹುದು.

ಹದ್ದನ್ನೂ ಗಿಡುಗವನ್ನೂ ಒಂದೇ ಎಂದೆಣಿಸುವವರು ನಮ್ಮಲ್ಲಿ ಬಹುಮಂದಿ. ಆಕಾಶದಲ್ಲಿ ಸುತ್ತು ಹಾಕುತ್ತ ಎಂಜಲು, ಕೊಳೆತ ಮಾಂಸಗಳನ್ನು ಅರಸುವ ಕವಲುಬಾಲದ ಹಕ್ಕಿಯು ಹದ್ದು. ಹಿತ್ತಲಿಗೆ ಬರುವ ಗಿಡುಗವು ಸಾಮಾನ್ಯವಾಗಿ ಶಿಕ್ರ, ಗಾತ್ರದಲ್ಲಿ ಪಾರಿವಾಳದಷ್ಟು. ಬೆನ್ನು ಬೂದಿಬಣ್ಣ, ಎದೆಯ ಮೇಲೆ ಕಾವಿಬಣ್ಣದ ಅಡ್ಡಗೆರೆಗಳು. ಹೆಣ್ಣು ಗಂಡಿಗಿಂತ ದೊಡ್ಡದು. ಮೋಟಾದ ದುಂಡು ರೆಕ್ಕೆ, ನೀಳವಾದ ಬಾಲ: ಕೊಂಬೆಗಳ ಸಂದಿನಲ್ಲಿ ತಟ್ಟನೆ ತಿರುಗುವುದಕ್ಕೆ ಇದಕ್ಕಿಂತ ತಕ್ಕ ಅಂಗರಚನೆ ಬೇರೆಯಿಲ್ಲ. ಎಲೆಗಳ ಮರೆಯಲ್ಲಿ ಅಲುಗದೆ ಕುಳಿತಿದ್ದು, ನೆಲಕ್ಕೆ ಸಮೀಪವಾಗಿ ಬಾಣದಂತೆ ಹಾರಿ, ಅದು ಎರಗುತ್ತದೆ. ಕೊಲ್ಲುವುದು ಕೊಕ್ಕಲ್ಲ, ಕಾಲಿನ ಉಗುರು. ಮರದ ಕೆಳಗೆ ಚೆದರಿದ ಪುಕ್ಕಗಳೇ ಬೇಟೆ ನಡೆದುದಕ್ಕೆ ಸಾಕ್ಷಿ. ಆದರೆ ಎರಗಿದಾಗಲೆಲ್ಲ ಅದಕ್ಕೆ ಊಟ ದೊರೆಯುವುದಿಲ್ಲ. ಹಲವು ಸಲ ಬರಿಗಾಲಿನಲ್ಲಿಯೇ ಹಿಂದಿರುಗಬೇಕು. ಓತಿ, ಹಲ್ಲಿ, ಇಲಿ, ಮಿಡತೆಗಳೂ ಅದಕ್ಕೆ ಆಹಾರವೇ.

ಚಿಕ್ಕ ಹಕ್ಕಿಗಳು ಕೈಕಟ್ಟಿ ಕುಳಿತಿರುವವೆಂದು ಭಾವಿಸಬಾರದು. ಗಿಡುಗವು ಮೇಲೆ ಹಾರುವಾಗ ಅವು ಎಳೆದಂತಹ ಸಣ್ಣ ಸಿಳ್ಳು ಹಾಕುತ್ತವೆ. ಆ ದನಿ ಎತ್ತಣಿಂದ ಬಂದಿತೆಂದು ಗೊತ್ತು ಹಚ್ಚುವುದು ಕಷ್ಟ. ಅದೇ ಗಿಡುಗವು ಕೊಂಬೆಯ ಮೇಲೆ ಕುಳಿತು ಕಣ್ಣಿಗೆ ಬಿದ್ದರೆ, ಕರ್ಕಶವಾಗಿ ಕೂಗಿ ನೆರೆಹೊರೆಯವರನ್ನೆಲ್ಲ ಕೂಡಿಸುತ್ತವೆ. ಕಾಜಾಣವಂತೂ ತನ್ನ ಗೂಡಿನ ಬಳಿಗೆ ಸುಳಿದ ಗಿಡುಗವನ್ನು ಬೆನ್ನಟ್ಟಿ ಕುಕ್ಕಿಯೇ ಬಿಡುವ ವೀರ. ಇನ್ನೊಂದು ವಿನೋದವುಂಟು. ಕೋಗಿಲೆಯ ಕುಲದ ಚಾಣಕೋಗಿಲೆಯೆಂಬ ಹಕ್ಕಿಯು ಬಣ್ಣದಲ್ಲಿಯೂ ಹಾರಾಟದಲ್ಲಿಯೂ ಶಿಕ್ರದಂತೆಯೇ ಇದ್ದು, ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕಳ್ಳನಿಗೆ ಕೊಲೆಗಾರನ ವೇಷ!

ಮನುಷ್ಯನು ಈ ಹಕ್ಕಿಯನ್ನು ಬಹುಕಾಲ ಆದರಿಸಿದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಿಡುಗದ ಬೇಟೆಯು ಅರಸರ ವಿನೋದಗಳಲ್ಲೊಂದು. ಡೇಗೆ, ಸಾಳುವ ಎಂಬ ಹಳೆಯ ಹೆಸರುಗಳು ನಮ್ಮ ನುಡಿಯಲ್ಲಿ ಇನ್ನೂ ಉಳಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಇದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ.

ಆದರೂ ಸಾಕಿದಂತೆ ಸಲುಗೆಯಾದ ಗುಬ್ಬಿಯು ಕಣ್ಣೆದುರಿನಲ್ಲಿಯೇ ಹತವಾದಾಗ ಕವಣೆ ಹಿಡಿಯೋಣವೆಂದು ಮನಸ್ಸಾಗುವುದು ಸಹಜ. ಗಿಡುಗ ತೊಲಗಿದರೆ ಗುಬ್ಬಿ ಹೆಚ್ಚೀತೇ ಎಂಬುದನ್ನು ನಾವು ವಿಚಾರಿಸಬೇಕು. ಈ ಪ್ರಯೋಗವನ್ನು ಬ್ರಿಟನ್ ದೇಶವು, ಬೇಕೆಂದಲ್ಲದಿದ್ದರೂ, ಮಾಡಿ ನೋಡಿದೆ. 1950ರ ದಶಕದ ಕೊನೆಗೆ ಬೀಜಗಳಿಗೆ ಸವರಿದ ಕೀಟನಾಶಕಗಳಿಂದಲೂ, ಡಿ.ಡಿ.ಟಿ.ಯಿಂದ ಮೊಟ್ಟೆಯ ಚಿಪ್ಪು ತೆಳುವಾದುದರಿಂದಲೂ, ಶಿಕ್ರದ ಜ್ಞಾತಿಯಾದ ಅಲ್ಲಿನ ಗಿಡುಗವು ಅನೇಕ ಪ್ರಾಂತಗಳಿಂದ ಕಾಣೆಯಾಯಿತು. ಅದಿಲ್ಲದ ವರ್ಷಗಳಲ್ಲಿ ಹಾಡುಹಕ್ಕಿಗಳ ಸಂಖ್ಯೆಯು ಏರಲಿಲ್ಲ. ಅದು ಮರಳಿ ಬಂದ ಮೇಲೆ ಆ ಕಾರಣಕ್ಕಾಗಿ ಇಳಿಯಲೂ ಇಲ್ಲವೆಂದು ದೀರ್ಘಕಾಲ ಲೆಕ್ಕವಿಟ್ಟವರು ಕಂಡುಕೊಂಡರು. ಏಕೆಂದರೆ ಪಿಕಳಾರದ ಒಂದು ಜೋಡಿಯು ಸಲಕ್ಕೆ ಎರಡು ಮೂರು ಮೊಟ್ಟೆಯಂತೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಮರಿಮಾಡೀತು. ಅವೆಲ್ಲಕ್ಕೂ ಹಿತ್ತಲಿನಲ್ಲಿ ಹುಳುವೂ ಹಣ್ಣೂ ಸಾಲವು. ಗಿಡುಗವು ಒಯ್ಯದಿದ್ದವುಗಳಲ್ಲಿ ಹಲವನ್ನು ಹಸಿವೋ ರೋಗವೋ ಒಯ್ಯುತ್ತಿತ್ತು.

ನಾರಾಯಣಪುರದ ಕಾಲುವೆಯ ನೀರು ಹರಿದು ಭತ್ತವೂ ಹತ್ತಿಯೂ ಬೆಳೆಯುವ ಈ ಸೀಮೆಯಲ್ಲಿ ಔಷಧ ಹೊಡೆಯುವುದು ರೈತರಿಗೆ ದಿನದ ಮಾತು. ವಿಷ ತಿಂದ ಮಿಡತೆಯನ್ನು ಹಕ್ಕಿ ತಿನ್ನುತ್ತದೆ, ಹಕ್ಕಿಯನ್ನು ಗಿಡುಗ ತಿನ್ನುತ್ತದೆ. ಕೆಲವು ವಿಷಗಳು ಹೀಗೆ ಮೆಟ್ಟಿಲೇರಿದಂತೆಲ್ಲ ದಟ್ಟವಾಗುವವು. ಆದುದರಿಂದ ಬೇವಿನ ಮರದಲ್ಲಿ ಶಿಕ್ರವು ಗೂಡು ಕಟ್ಟಿ ಮರಿಗಳನ್ನು ಹಾರಿಸಿತೆಂದು ಯಾರಾದರೂ ಹೇಳಿದರೆ, ಆ ಹಿತ್ತಲಿನಲ್ಲಿ ಗುಬ್ಬಿಗಳೂ ಸಾಕಷ್ಟಿವೆಯೆಂದು ನಾವು ನೋಡದೆಯೇ ನಂಬಬಹುದು.