ಬೆಕ್ಕಿನ ಮರಿಗೆ ಜೊತೆ ಬೇಕೇ? ಇನ್ನೊಂದು ತರುವ ಮೊದಲು ಸ್ವಲ್ಪ ಲೆಕ್ಕ ಹಾಕಿ

ಹೊಸೂರಿನಲ್ಲಿ ನನ್ನದೊಂದು ಸಣ್ಣ ದಿನಸಿ ಅಂಗಡಿ. ಕೆಲವು ವರ್ಷಗಳ ಹಿಂದೆ ಬೆಕ್ಕಿನ ಆಹಾರದ ಪ್ಯಾಕೆಟ್ ಕೇಳುವವರು ಅಪರೂಪ. ಈಗ ಬಿಸ್ಕತ್ತಿನ ಪಕ್ಕದಲ್ಲೇ ಅದಕ್ಕೊಂದು ಶೆಲ್ಫ್ ಬಿಟ್ಟುಕೊಟ್ಟಿದ್ದೇನೆ. ಒಬ್ಬರು ಪೂನೈ ಅಂತಾರೆ, ಇನ್ನೊಬ್ಬರು ಪಿಲ್ಲಿ, ಮತ್ತೊಬ್ಬರು ಬಿಲ್ಲಿ, ಊರಿನವರು ಸಿಕ್ಕಿದರೆ ಪುಚ್ಚೆ. ಹೆಸರು ಯಾವುದಾದರೂ ಕೇಳುವ ಪ್ರಶ್ನೆ ಒಂದೇ: "ಭಾಯ್, ಮರಿ ಒಂದೇ ಇದೆ, ಪಾಪ ಅದಕ್ಕೆ ಬೋರಾಗಲ್ವಾ? ಇನ್ನೊಂದು ತರೋಣವಾ?" ಎರಡು ಬೆಕ್ಕಾದರೆ ನನಗೆ ವ್ಯಾಪಾರ ಜಾಸ್ತಿ. ಆದರೂ ಯೋಚನೆ ಮಾಡಿ ತನ್ನಿ ಅಂತಲೇ ನಾನು ಹೇಳುವುದು.

ಕರಾವಳಿಯ ನಮ್ಮ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬೆಕ್ಕು ಅಂಗಳದ್ದು. ಮೀನು ಕೊಯ್ಯುವ ಹೊತ್ತಿಗೆ ಬರುತ್ತದೆ, ತಲೆ ಬಾಲ ತಿಂದು ಹೋಗುತ್ತದೆ, ಪಕ್ಕದ ಮನೆಯ ಬೆಕ್ಕಿನೊಂದಿಗೆ ಜಗಳ ಆಡಿ ರಾತ್ರಿ ವಾಪಸ್ ಬರುತ್ತದೆ. ಜೊತೆ ಬೇಕಾದರೆ ಅದೇ ಹುಡುಕಿಕೊಳ್ಳುತ್ತದೆ, ಬೇಡದಿದ್ದರೆ ದೂರ ಇರುತ್ತದೆ. ಹೊಸೂರಿನ ಬಾಡಿಗೆ ಮನೆಯ ಕಥೆ ಬೇರೆ. ಗಂಡ ಸಿಪ್‌ಕಾಟ್‌ನಲ್ಲಿ ಶಿಫ್ಟಿಗೆ, ಹೆಂಡತಿ ಎಲೆಕ್ಟ್ರಾನಿಕ್ ಸಿಟಿಗೆ. ಎಂಟು ಗಂಟೆ ಕೆಲಸ, ಮೇಲೆ ಅತ್ತಿಬೆಲೆ ದಾಟುವ ಟ್ರಾಫಿಕ್. ಎರಡನೇ ಮಹಡಿಯ ಮನೆಗೆ ಬೀಗ ಹಾಕಿದರೆ ಮರಿ ಹತ್ತು ಗಂಟೆ ಒಂಟಿ. ಬೆಕ್ಕನ್ನು ಕೂಡಿಹಾಕಿ, ತಾನೂ ಆಹಾರ ಕೊಡದೆ, ಅದನ್ನು ಹುಡುಕಿ ತಿನ್ನಲೂ ಬಿಡದ ಹೆಂಗಸಿನ ಹದೀಸ್ ಮದ್ರಸದಲ್ಲಿ ಕೇಳದವರು ನಮ್ಮಲ್ಲಿ ಇಲ್ಲ. ಬಾಗಿಲು ಹಾಕಿ ಸಾಕಿದ ಮೇಲೆ ಅದರ ಹೊಟ್ಟೆ ಮಾತ್ರ ಅಲ್ಲ, ಆಟವೂ ನಮ್ಮ ಹೊಣೆಗೇ ಬರುತ್ತದೆ.

ಹಾಗಾದರೆ ಬೆಕ್ಕಿಗೆ ಜೊತೆ ಬೇಕೋ ಬೇಡವೋ? ಮೊದಲು ಪ್ರಾಣಿಯ ಸ್ವಭಾವ ನೋಡಿ. ನಾಯಿ ಗುಂಪಿನ ಪ್ರಾಣಿ. ಮನೆಬೆಕ್ಕಿನ ಮೂಲ ಆಫ್ರಿಕಾ, ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ಇಲಿ ಹಿಡಿದು ತಿನ್ನುವಂಥದ್ದು. ಮನುಷ್ಯ ಧಾನ್ಯ ಕೂಡಿಡಲು ಶುರು ಮಾಡಿದ ಕಾಲದಲ್ಲಿ ಇಲಿಯ ಹಿಂದೆ ಅದು ನಮ್ಮ ಬಳಿ ಬಂತು. ಆಹಾರ ಧಾರಾಳ ಇರುವ ಕಡೆ ತಾಯಿ, ಮಗಳು, ಅಕ್ಕ ತಂಗಿ ಅಂತ ರಕ್ತಸಂಬಂಧದ ಹೆಣ್ಣು ಬೆಕ್ಕುಗಳು ಒಟ್ಟಿಗೆ ಇರುವುದುಂಟು. ಮೀನು ಮಾರ್ಕೆಟಿನಲ್ಲಿ ನೀವೇ ನೋಡಿರುತ್ತೀರಿ. ಆದರೆ ಗುರುತಿಲ್ಲದ ಬೆಕ್ಕು ಒಳಗೆ ಬಂದರೆ ಅದಕ್ಕೆ ಗೆಳೆಯ ಬಂದ ಹಾಗೆ ಅನಿಸುವುದಿಲ್ಲ, ಬಾಡಿಗೆಗೆ ಪಾಲು ಕೇಳಲು ಬಂದವನ ಹಾಗೆ ಅನಿಸುತ್ತದೆ.

ಮರಿಯ ವಿಷಯ ಮಾತ್ರ ಸ್ವಲ್ಪ ಬೇರೆ. ಎರಡರಿಂದ ಏಳನೇ ವಾರದ ತನಕ ಮರಿ ಯಾರನ್ನು ನಂಬಬೇಕು, ಹೇಗೆ ಆಡಬೇಕು ಅಂತ ಕಲಿಯುವ ಸಮಯ. ಅಣ್ಣ ತಮ್ಮಂದಿರ ಜೊತೆ ಉರುಳಾಡುವಾಗ ಜೋರಾಗಿ ಕಚ್ಚಿದರೆ ಎದುರಿನ ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹಲ್ಲು, ಉಗುರಿನ ಹದ ಅದಕ್ಕೆ ಗೊತ್ತಾಗುವುದೇ ಹಾಗೆ. ನಾಲ್ಕೈದು ವಾರಕ್ಕೇ ತಾಯಿಯಿಂದ ಬಿಡಿಸಿ ಪಂಜರದಲ್ಲಿಟ್ಟು ಮಾರುವವರಿದ್ದಾರೆ. ಅಂಥ ಮರಿ ನಿಮ್ಮ ಕೈಕಾಲನ್ನೇ ಆಟಿಕೆ ಮಾಡಿಕೊಂಡರೆ ಆಶ್ಚರ್ಯವಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದವರು 2017ರಲ್ಲಿ ಸಾವಿರಾರು ಸಾಕುಬೆಕ್ಕುಗಳ ಮಾಹಿತಿ ಸೇರಿಸಿ ನೋಡಿದಾಗ, ಎಂಟು ವಾರಕ್ಕೆ ಮೊದಲು ತಾಯಿಯಿಂದ ಬೇರ್ಪಟ್ಟ ಬೆಕ್ಕುಗಳಲ್ಲಿ ಆಕ್ರಮಣದ ಸ್ವಭಾವ ಹೆಚ್ಚು ಕಂಡಿತ್ತು. ಯೂಟ್ಯೂಬ್‌ನಲ್ಲಿ 'ಸಿಂಗಲ್ ಕಿಟನ್ ಸಿಂಡ್ರೋಮ್' ಅಂತ ಹೆದರಿಸುವ ವೀಡಿಯೊಗಳು ಬೇಕಾದಷ್ಟಿವೆ. ಅದು ರೋಗವೇನಲ್ಲ. ಹೆಚ್ಚಿನ ಮನೆಗಳಲ್ಲಿ ಒಂದೋ ಮರಿಯನ್ನು ಬೇಗ ತಂದಿರುತ್ತಾರೆ, ಇಲ್ಲವೇ ಅದರ ಜೊತೆ ಆಡುವವರಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಇನ್ನೂ ಮರಿ ತಂದಿಲ್ಲ, ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಅಂತಾದರೆ, ಒಂದೇ ತಾಯಿಯ ಎರಡು ಮರಿಗಳನ್ನು ಎರಡು ತಿಂಗಳು ತುಂಬಿದ ಮೇಲೆ ಒಟ್ಟಿಗೆ ತನ್ನಿ. ಅವಕ್ಕೆ ಪರಸ್ಪರ ಗುರುತಿದೆ, ಹೊಸದಾಗಿ ಪರಿಚಯ ಮಾಡಿಸುವ ಕಷ್ಟ ಇಲ್ಲ. ಮನೆಯಲ್ಲಿ ಉಮ್ಮ, ಮಕ್ಕಳು ಅಂತ ಯಾರಾದರೂ ಇರುತ್ತಾರಾದರೆ ಒಂದೇ ಮರಿ ಸಾಕು. ದಿನಕ್ಕೆ ಮೂರು ನಾಲ್ಕು ಸಲ ಹತ್ತು ನಿಮಿಷ ಆಡಿಸಿ. ಕೋಲಿಗೆ ದಾರ, ದಾರದ ತುದಿಗೆ ಬಟ್ಟೆಯ ತುಂಡು, ಅಷ್ಟೇ ಖರ್ಚು. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ. ಮುಂಜಾನೆ, ಸಂಜೆ ಅದಕ್ಕೆ ಚುರುಕು ಜಾಸ್ತಿ. ಸುಬ್ಹಿ ನಮಾಝಿಗೆ ಏಳುವ ಮನೆಯವರಿಗೆ ಇದು ಸುಲಭ!

ತೊಂದರೆ ಇರುವುದು ಮೂರನೆಯವರಿಗೆ. ಒಂದು ಮರಿ ಈಗಾಗಲೇ ಮನೆಯಲ್ಲಿದೆ, ಅದಕ್ಕೆ ಜೊತೆ ಅಂತ ರಸ್ತೆಯಿಂದಲೋ ಅಂಗಡಿಯಿಂದಲೋ ಇನ್ನೊಂದನ್ನು ತಂದು ನೇರ ಅದರ ಪಕ್ಕ ಬಿಡುತ್ತಾರೆ. ಜಗಳ ಆಗಲಿ, ಬಿಡಿ. ಹೆದರಬೇಕಾದದ್ದು ಪ್ಯಾನ್‌ಲ್ಯೂಕೋಪೀನಿಯಾಕ್ಕೆ. ವಾಂತಿ, ಭೇದಿ, ಜ್ವರ, ಅನ್ನ ನೀರು ಬಿಡುವುದು, ಲಸಿಕೆ ಇಲ್ಲದ ಮರಿಯಾದರೆ ಎರಡು ಮೂರು ದಿನದಲ್ಲಿ ಸಾವು. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ತಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಾಮೂಲಿ ಸೋಪಿಗೆ ಬಗ್ಗುವುದಿಲ್ಲ. ಬ್ಲೀಚ್ ಹಾಕಿ ತೊಳೆಯಬೇಕು. ಮನೆಯಲ್ಲಿ ಮರಿಯೊಂದು ಹೀಗೆ ಸತ್ತಿದ್ದರೆ ಅದೇ ಬುಟ್ಟಿ, ಅದೇ ಚಾಪೆಗೆ ಹೊಸ ಮರಿಯನ್ನು ತರಲೇಬೇಡಿ. ಇದಕ್ಕೆ ಲಸಿಕೆ ಇದೆ. ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಮತ್ತೆ ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳು ತುಂಬುವವರೆಗೆ. ರೇಬಿಸ್ ಲಸಿಕೆ ಬೇರೆ, ಅದು ಮೂರು ತಿಂಗಳಿಗೆ.

ಎರಡನೆಯದು ತರಲೇಬೇಕು ಅಂತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ಹೊಸತನ್ನು ಹತ್ತು ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿಡಿ. ತಟ್ಟೆ, ಮಲವಿಸರ್ಜನೆಯ ಟ್ರೇ ಎಲ್ಲ ಬೇರೆ. ಅದರ ಕೋಣೆಯಿಂದ ಬಂದ ಮೇಲೆ ಕೈ ತೊಳೆಯಿರಿ. ರೋಗ ಇಲ್ಲ ಅಂತ ಗೊತ್ತಾದ ಮೇಲೆ ಇದು ಮಲಗಿದ ಬಟ್ಟೆಯನ್ನು ಅದಕ್ಕೆ, ಅದು ಮಲಗಿದ್ದನ್ನು ಇದಕ್ಕೆ ಕೊಡಿ. ಬೆಕ್ಕು ಪರಿಚಯ ಮಾಡಿಕೊಳ್ಳುವುದು ಮೂಗಿನಿಂದ. ಮುಚ್ಚಿದ ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಊಟ ಇಡಿ. ನಂತರ ಬಾಗಿಲು ಸ್ವಲ್ಪ ಸ್ವಲ್ಪ ತೆರೆಯಿರಿ. ಬುಸುಗುಟ್ಟಿದರೆ ಬೈಯಬೇಡಿ, ಅದು ಮಾಮೂಲು. ಎರಡು ಚಿಕ್ಕ ಮರಿಗಳಾದರೆ ಕೆಲವೇ ದಿನಗಳಲ್ಲಿ ಒಂದಾಗುವುದುಂಟು. ಎಂಟು ಹತ್ತು ವರ್ಷದ ಬೆಕ್ಕಿನ ಮುಂದೆ ತುಂಟ ಮರಿಯನ್ನು ಬಿಟ್ಟರೆ ತಿಂಗಳುಗಳೇ ಬೇಕು, ಕೆಲವು ಸಲ ಆಗುವುದೇ ಇಲ್ಲ. ಅಜ್ಜನ ಮಗ್ಗುಲಲ್ಲಿ ಎರಡನೇ ಕ್ಲಾಸಿನ ಹುಡುಗನನ್ನು ದಿನವಿಡೀ ಕೂರಿಸಿದ ಹಾಗೆ.

ಒಂದು ಬೆಕ್ಕು ಇಡೀ ದಿನ ಊಟ ಬಿಟ್ಟರೆ, ಟ್ರೇಗೆ ಹೋಗುವ ದಾರಿಯನ್ನು ಇನ್ನೊಂದು ತಡೆದು ಕೂತರೆ ಮತ್ತೆ ಬೇರೆ ಮಾಡಿ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ಮುಕ್ಕರಿಯುತ್ತದೆ, ಮೂತ್ರ ಬರುವುದಿಲ್ಲ ಅಂತಾದರೆ ಅದೇ ದಿನ ವೈದ್ಯರ ಬಳಿ ಓಡಿ. ಮಾನಸಿಕ ಒತ್ತಡದಲ್ಲಿರುವ ಬೆಕ್ಕುಗಳಲ್ಲಿ ಹೀಗಾಗುವುದುಂಟು, ತಡ ಮಾಡಿದರೆ ಜೀವ ಹೋಗುತ್ತದೆ.

ಇನ್ನು ಬಿ.ಕಾಂ. ಓದಿದವನ ಲೆಕ್ಕ. ಎರಡನೇ ಬೆಕ್ಕು ಬಂದರೆ ಆಹಾರ, ಲಸಿಕೆ, ಹುಳದ ಔಷಧಿ ನೇರ ಎರಡು ಪಟ್ಟು. ಟ್ರೇ ಮಾತ್ರ ಬೆಕ್ಕಿಗೊಂದು, ಮೇಲೊಂದು. ಅಂದರೆ ಎರಡಕ್ಕೆ ಮೂರು. ಒಂದು ಬೆಡ್‌ರೂಮಿನ ಮನೆಯಲ್ಲಿ ಮೂರು ಟ್ರೇ ಎಲ್ಲಿಡುತ್ತೀರಿ ನೋಡಿ. ಖರ್ಚು ಉಳಿಸಲು ಹಾಲು ಅನ್ನ ಹಾಕಿ ಬೆಳೆಸುತ್ತೇನೆ ಅಂದರೆ ನಡೆಯುವುದಿಲ್ಲ. ದನದ ಹಾಲು ಎಷ್ಟೋ ಮರಿಗಳಿಗೆ ಭೇದಿ ತರುತ್ತದೆ. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಅಂಶ ಮಾಂಸ, ಮೀನಿನಲ್ಲೇ ಸಿಗುವುದು, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

ಗಂಡು ಹೆಣ್ಣು ಜೋಡಿ ತಂದವರಿಗೆ ಇನ್ನೊಂದು ಲೆಕ್ಕ ಇದೆ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಅಣ್ಣ ತಂಗಿ ಅಂತ ಅವು ನೋಡುವುದಿಲ್ಲ. ಗರ್ಭ ಸುಮಾರು 63 ದಿನ, ಒಂದು ಸಲಕ್ಕೆ ನಾಲ್ಕು ಮರಿ ಸಾಮಾನ್ಯ. ಜೊತೆಗೆ ಅಂತ ತಂದದ್ದು ವರ್ಷ ತುಂಬುವ ಮೊದಲೇ ಆರಾಗುತ್ತದೆ. ಚಕ್ರಬಡ್ಡಿ ಕೂಡ ಇಷ್ಟು ಓಡುವುದಿಲ್ಲ. ಆ ಮರಿಗಳನ್ನು ಗೋಣಿಯಲ್ಲಿ ಹಾಕಿ ಮಾರ್ಕೆಟಿನ ಹತ್ತಿರ ಬಿಟ್ಟು ಬರುವವರನ್ನು ನಾವೆಲ್ಲ ನೋಡಿದ್ದೇವೆ. ನಾಲ್ಕರಿಂದ ಆರು ತಿಂಗಳೊಳಗೆ ಆಪರೇಷನ್ ಮಾಡಿಸಿ ಅಂತ ಪಶುವೈದ್ಯರು ಹೇಳುತ್ತಾರೆ. ಧಾರ್ಮಿಕವಾಗಿ ಸಂಶಯ ಇರುವವರು ಬೆಕ್ಕು ತರುವ ಮೊದಲೇ ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಲಿ. ಆಪರೇಷನ್ ಮಾಡಿಸುವುದಿಲ್ಲ ಅಂತಿದ್ದರೆ ಎರಡೂ ಗಂಡು ಅಥವಾ ಎರಡೂ ಹೆಣ್ಣು ತನ್ನಿ, ಹೊರಗೆ ಬಿಡಬೇಡಿ. ಆದರೂ ಬೆಳೆದ ಗಂಡುಗಳ ಜಗಳ, ಗೋಡೆಗೆ ಮೂತ್ರ ಹಾರಿಸುವ ವಾಸನೆ ನಿಮಗೇ ಬಿಟ್ಟದ್ದು.

ನಮ್ಮಂಥ ಹೊರಗಿನಿಂದ ಬಂದು ನೆಲೆಸಿದವರು ಮರೆಯುವುದು ಊರಿಗೆ ಹೋಗುವ ದಿನಗಳನ್ನು. ಪೆರ್ನಾಲಿಗೆ, ಮದುವೆಗೆ ಅಂತ ನಾಲ್ಕು ದಿನ ಘಾಟಿ ಇಳಿದರೆ ಬೆಕ್ಕನ್ನು ಯಾರು ನೋಡುತ್ತಾರೆ? ಎರಡಿದ್ದರೆ ಒಂದಕ್ಕೊಂದು ಜೊತೆ ಇರುತ್ತದೆ ಅಂತ ಬೀಗ ಹಾಕಿ ಹೋಗುವವರಿದ್ದಾರೆ. ಜೊತೆಗಿರುವ ಬೆಕ್ಕು ನೀರು ತುಂಬಿಸುವುದಿಲ್ಲ, ಟ್ರೇ ತೆಗೆಯುವುದಿಲ್ಲ. ಪಕ್ಕದ ಮನೆಯವರು ಒಂದು ಬೆಕ್ಕಾದರೆ ಒಪ್ಪುತ್ತಾರೆ, ಎರಡಕ್ಕೆ ಮುಖ ಸಣ್ಣದು ಮಾಡುತ್ತಾರೆ. ತರುವ ಮೊದಲೇ ಅವರಲ್ಲೂ ಒಂದು ಮಾತು ಕೇಳಿ, ಮನೆ ಓನರಲ್ಲೂ ಕೇಳಿ.

ಇಲ್ಲಿಗೆ ಹೊಸತಾಗಿ ಬಂದು ತಮಿಳು ಓದಲು ಬಾರದವರಿಗೆ ಒಂದು ಮಾಹಿತಿ: ಪಶು ಆಸ್ಪತ್ರೆ ಯಾವುದು ಅಂತ ಕೇಳುವಾಗ 'ಕಾಲ್ನಡೈ ಮರುತ್ತುವಮನೈ' ಅಂತ ಕೇಳಿ, ಯಾರಾದರೂ ದಾರಿ ತೋರಿಸುತ್ತಾರೆ. ದೊಡ್ಡ ಕಾಯಿಲೆಯಾದರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮರಿಯನ್ನು ಕೈಯಲ್ಲಿ ಹಿಡಿದು ಬೈಕಿನಲ್ಲಿ ಹೋಗಬೇಡಿ. ಗಾಳಿ ಆಡುವ ಬುಟ್ಟಿಯಲ್ಲಿ ಹಾಕಿ, ಬಾಯಿ ಕಟ್ಟಿ ಒಯ್ಯಿರಿ. ಯಾವ ದಿನ ಯಾವ ಲಸಿಕೆ ಅಂತ ಬರೆದ ಕಾರ್ಡ್ ಕೇಳಿ ಪಡೆಯಿರಿ.