ಸಂಶಯಕ್ಕೂ ಅರ್ಹರಲ್ಲದವರು: ಒಂದು ಇಂಗ್ಲಿಷ್ ಧಾರಾವಾಹಿಯ ಹಳ್ಳಿ

ಕ್ಯಾರೊಲಿನ್ ಗ್ರಹಾಂ ಅವರ ಪತ್ತೇದಾರಿ ಕಾದಂಬರಿಗಳನ್ನು ಆಧರಿಸಿದ 'ಮಿಡ್‌ಸೋಮರ್ ಮರ್ಡರ್ಸ್' ಧಾರಾವಾಹಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1997ರಲ್ಲಿ ಆರಂಭವಾಯಿತು. ಮಿಡ್‌ಸೋಮರ್ ಒಂದು ಕಲ್ಪಿತ ಸೀಮೆ. ಹುಲ್ಲುಮಾಡಿನ ಮನೆಗಳು, ಹಳೆಯ ಚರ್ಚು, ಕ್ರಿಕೆಟ್ ಬಯಲು. ಇವುಗಳ ನಡುವೆ ಕಂತುಕಂತಿಗೂ ಕೊಲೆ.

2011ರ ಮಾರ್ಚ್‌ನಲ್ಲಿ ನಿರ್ಮಾಪಕ ಬ್ರಯಾನ್ ಟ್ರೂ-ಮೇ 'ರೇಡಿಯೊ ಟೈಮ್ಸ್' ಪತ್ರಿಕೆಯೊಡನೆ ಮಾತನಾಡುತ್ತ, ಈ ಧಾರಾವಾಹಿ ಇಂಗ್ಲಿಷ್‌ತನದ ಕೊನೆಯ ಕೋಟೆಯಂತಿದೆ, ಜನಾಂಗೀಯ ಅಲ್ಪಸಂಖ್ಯಾತರು ಬಂದರೆ ಅದು ಇಂಗ್ಲಿಷ್ ಹಳ್ಳಿಯಾಗಿ ಉಳಿಯದು ಎಂಬರ್ಥದ ಮಾತನಾಡಿದರು. ನಿರ್ಮಾಣ ಸಂಸ್ಥೆ ಅವರನ್ನು ಅಮಾನತುಗೊಳಿಸಿತು. ಕ್ಷಮೆ ಕೋರಿ ಮರಳಿದರೂ, ಆ ಸರಣಿಯ ಬಳಿಕ ಅವರು ಹುದ್ದೆಯಿಂದ ನಿರ್ಗಮಿಸಿದರು.

ಅವರ ನಿಲುವನ್ನು ಸಮರ್ಥಿಸಿದವರು ವಾಸ್ತವಿಕತೆಯ ವಾದವನ್ನು ಮುಂದಿಟ್ಟರು. ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಅಲ್ಪಸಂಖ್ಯಾತರ ಪ್ರಮಾಣ ನಗರಗಳಿಗಿಂತ ಕಡಿಮೆಯೆಂಬುದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಇಷ್ಟೊಂದು ಕೊಲೆಗಳನ್ನು ಕಂಡ ಹಳ್ಳಿಗಾಡೂ ಇಂಗ್ಲೆಂಡಿನಲ್ಲಿಲ್ಲ. ಕೊಲೆಯ ವಿಷಯದಲ್ಲಿ ಸಡಿಲವಾಗುವ ವಾಸ್ತವಿಕತೆ ಮೈಬಣ್ಣದ ವಿಷಯದಲ್ಲಿ ಮಾತ್ರ ಬಿಗಿಯಾಗುವುದೇಕೆ?

ಚರಿತ್ರೆಯೂ ಈ ವಾದಕ್ಕೆ ಪೂರ್ತಿ ಒತ್ತಾಸೆ ನೀಡುವುದಿಲ್ಲ. ಗ್ಲಾಸ್ಟರ್‌ಶೈರಿನ ಆಲ್ಮಂಡ್ಸ್‌ಬರಿ ಎಂಬ ಹಳ್ಳಿಯಲ್ಲಿ ಕ್ಯಾಟಲೀನಾ ಎಂಬ ಕಪ್ಪು ಮಹಿಳೆ ಸ್ವತಂತ್ರವಾಗಿ ಬದುಕಿದ್ದಳು. 1625ರಲ್ಲಿ ಆಕೆಯ ಮರಣಾನಂತರ ಸಿದ್ಧವಾದ ಸೊತ್ತಿನ ಪಟ್ಟಿಯಲ್ಲಿ ಅತ್ಯಂತ ಬೆಲೆಬಾಳುವುದು ಒಂದು ಹಸು. ಹಳ್ಳಿಗೆ ಸೇರಿದವಳೆನ್ನಲು ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

2016ರಲ್ಲಿ ಮಂಜಿಂದರ್ ವಿರ್ಕ್ ಶವಪರೀಕ್ಷೆಯ ತಜ್ಞೆ ಕ್ಯಾಮ್ ಕರಿಮೋರ್ ಪಾತ್ರದಲ್ಲಿ ಧಾರಾವಾಹಿಯನ್ನು ಸೇರಿದರು. ತನಿಖೆಗೆ ಅನಿವಾರ್ಯವಾದ, ಗೌರವದ ಪಾತ್ರವದು. ಆದರೂ ತಜ್ಞೆ ಹಳ್ಳಿಗೆ ಬರುವುದು ಸಾವಿನ ಬೆನ್ನಿಗೆ, ಕರ್ತವ್ಯದ ನಿಮಿತ್ತ. ಈ ಕಥಾಪ್ರಕಾರದಲ್ಲಿ ಊರಿನವರೆನಿಸುವವರು ಸಂಶಯಕ್ಕೆ ಒಳಗಾಗುವವರು: ಉಯಿಲಿನಲ್ಲಿ ಪಾಲುಳ್ಳವರು, ಬೇಲಿಯ ಜಗಳವನ್ನು ತಲೆಮಾರಿನಿಂದ ಸಾಕಿಕೊಂಡವರು, ನೆರೆಮನೆಯ ಗುಟ್ಟು ಬಲ್ಲವರು. ಸಂಶಯಿಸಲ್ಪಡುವುದಕ್ಕೂ ಆ ನೆಲದಲ್ಲಿ ಬೇರಿರಬೇಕು.

ಆದ್ದರಿಂದ ಪಾತ್ರವರ್ಗದ ವೈವಿಧ್ಯವನ್ನು ತಲೆಯೆಣಿಕೆಯಿಂದಷ್ಟೇ ಅಳೆಯಲಾಗದು. ಅಲ್ಪಸಂಖ್ಯಾತ ಪಾತ್ರಕ್ಕೆ ಊರಿನಲ್ಲಿ ಮನೆಯಿದೆಯೇ, ನೆನಪಿದೆಯೇ, ಹಗೆಯಿದೆಯೇ ಎಂದು ಕೇಳಬೇಕಾಗುತ್ತದೆ. ಇವಿಲ್ಲದೆ ಬರುವ ಪಾತ್ರ ಎಷ್ಟೇ ಸಜ್ಜನಿಕೆಯದಾದರೂ ಅತಿಥಿಯಾಗಿಯೇ ಉಳಿಯುತ್ತದೆ. ಊರಿನ ಚಿತ್ರವೂ ಹಿಂದಿನಂತೆಯೇ ಇರುತ್ತದೆ.